ಕಾಲು ಹಿಡಕೊಂಡಾಗ ಬಿಡಿಸಿದ್ದು ಯಾರು?



ಕಳೆದ ಡಿಸೆಂಬರ್‌ನಲ್ಲಿ ನಮ್ಮ ಹುಡುಗರ ಕಬಡ್ಡಿ ಅಭ್ಯಾಸ ನಡೆದಿತ್ತು. ಮಧ್ಯಾಹ್ನ ಮೂರೂವರೆ ಗಂಟೆ. ಮ್ಹಾಪಸಾದಲ್ಲಿ ಡಿಸೆಂಬರ್ ಅಂದರೆ ಚಳಿಗಾಲ ಅನ್ನುವುದು ಪುಸ್ತಕದ ಮಾತು. ಮಧ್ಯಾಹ್ನದ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿಕೊಳ್ಳುವುದು ತಪ್ಪುವುದಿಲ್ಲ. ರೇಡ್‌ಗೆ ಹೋದ ಒಂಬತ್ತನೇ ತರಗತಿಯ ಹುಡುಗನೊಬ್ಬ ಅರ್ಧಕ್ಕೇ ಕುಸಿದು ಕೂತು, "ಸರ್, ಕಾಲು ಹಿಡ್ಕೊಂಡೈತ್ರೀ" ಅಂತ ಚೀರಿದ. ಹೋಗಿ ಮುಟ್ಟಿ ನೋಡಿದರೆ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಚರ್ಮದ ಕೆಳಗೆ ಹಲ್ಲಿ ಹರಿದಾಡಿದಂತೆ ಅದುರುತ್ತಿತ್ತು.

ನಾನು ಕೂರುವಷ್ಟರಲ್ಲಿ ಮೂರು ಮಂದಿ ವೈದ್ಯರು ಹಾಜರಾಗಿದ್ದರು. ಒಬ್ಬ ಬೀಗದ ಕೈ ತಂದು ಅಂಗೈಯಲ್ಲಿ ಹಿಡಿಸಲು ನೋಡಿದ. (ಅದು ಮೂರ್ಛೆ ರೋಗಕ್ಕೆ ನಮ್ಮ ಊರ ಕಡೆ ಮಾಡುವ ಉಪಾಯ. ಅದಕ್ಕೂ ಅದರಿಂದ ಪ್ರಯೋಜನವಿಲ್ಲ, ಇದಕ್ಕಂತೂ ಸಂಬಂಧವೇ ಇಲ್ಲ.) ಇನ್ನೊಬ್ಬ ಅವನ ಮೇಲ್ದುಟಿಯನ್ನು ಮೂಗಿನ ಕೆಳಗೆ ಚಿವುಟಿ ಹಿಡಿದ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು ಮೀನಖಂಡದ ಕೆಳಗೆ ಹೆಬ್ಬೆರಳು ಊರಿ ಒತ್ತತೊಡಗಿದಳು. ನಾನು ಪಾದ ಹಿಡಿದು, ಬೆರಳುಗಳನ್ನು ಮೊಣಕಾಲಿನ ಕಡೆಗೆ ನಿಧಾನ ಎಳೆದು ಹಿಡಿದೆ. ಒಂದೆರಡು ನಿಮಿಷಕ್ಕೆ ಕಾಲು ಸಡಿಲವಾಯಿತು.

ಆಮೇಲೆ ಶುರುವಾಯಿತು ಜಗಳ. "ನಾ ಒತ್ತಿದ್ದಕ್ಕ ಬಿಡ್ತು ಸರ್, ನಮ್ಮವ್ವಗ ಹಿಂಗ ಒತ್ತೀನಿ ನಾನು." "ಏ, ಸರ್ ಎಳದಿದ್ದಕ್ಕಲೇ ಅದು." "ತುಟಿ ಮೊದಲ ಹಿಡದಾಂವ ನಾ." ಕಾಲು ಹಿಡಿಸಿಕೊಂಡವನು ಮಾತ್ರ, "ಯಾರರ ಬಿಡಸ್ರಿ, ನನಗ ನೀರ ಕೊಡ್ರಿ ಮೊದಲ" ಅಂದ.

ಆಗ ನಕ್ಕು ಸುಮ್ಮನಾದೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಆ ಜಗಳ ತಲೆಯಿಂದ ಹೋಗಲಿಲ್ಲ. ಮೂರು ಉಪಚಾರ ಒಟ್ಟಿಗೆ ನಡೆದಿದ್ದವು. ಯಾವುದು ಕೆಲಸ ಮಾಡಿತು ಅಂತ ಬಿಎಸ್ಸಿ ಓದಿದ ನಾನೂ ಹೇಳುವ ಹಾಗಿರಲಿಲ್ಲ. ಯಾರೂ ಏನೂ ಮಾಡದಿದ್ದರೂ ಅದು ಬಿಡುತ್ತಿತ್ತೋ ಏನೋ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲು ಹಿಡಕೊಂಡಾಗ, ಕುತ್ತಿಗೆ ಸೆಟೆದಾಗ ಬೆರಳಿನಿಂದ ಒತ್ತುವುದು ತಪ್ಪಲ್ಲ. ಒತ್ತಿದ್ದರಿಂದಲೇ ಗುಣವಾಯಿತು ಅಂತ ಅಳೆಯದೆ ನಂಬುವುದು ತಪ್ಪು. ಆ ನಂಬಿಕೆ ಹೆಚ್ಚಿನ ಸಲ ನಮಗೇನೂ ಕೆಡುಕು ಮಾಡುವುದಿಲ್ಲ. ಆದರೆ ಒಂದೊಂದು ಸಲ ಜೀವದ ಮೇಲೆ ಬರುತ್ತದೆ. ಹಾಗೆ ಬಂದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದರಲ್ಲಿ ನನ್ನ ಪಾಲೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಸೆಳೆತ ಅಂದರೆ ಏನು ಅಂತ ನೋಡೋಣ. ನಮ್ಮ ಹಿರಿಯರು "ನರ ಹಿಡಕೊಂಡೈತಿ" ಅನ್ನುತ್ತಾರೆ. ಗಟ್ಟಿಯಾಗುವುದು ನರ ಅಲ್ಲ, ಸ್ನಾಯು. ಆದರೆ ಹಿರಿಯರ ಮಾತು ಪೂರ್ತಿ ಸುಳ್ಳೂ ಅಲ್ಲ. ಸ್ನಾಯು ತಾನಾಗಿ ಬಿಗಿಯುವುದಿಲ್ಲ, ಬೆನ್ನುಹುರಿಯಲ್ಲಿರುವ ನರಕೋಶ "ಬಿಗಿ" ಅಂತ ಸಂಕೇತ ಕಳಿಸಿದರೆ ಬಿಗಿಯುತ್ತದೆ. ಸೆಳೆತ ಬಂದಾಗ ಆ ಸಂಕೇತ ನಿಲ್ಲುವುದೇ ಇಲ್ಲ, ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಸೆಳೆತ ಬಂದ ಸ್ನಾಯುವಿನ ವಿದ್ಯುತ್ ಸಂಕೇತಗಳನ್ನು ದಾಖಲಿಸಿದಾಗ ಇದು ಸ್ಪಷ್ಟವಾಗಿ ಕಾಣುತ್ತದೆ.

ಇಲ್ಲಿ ನಮ್ಮ ಪಠ್ಯಪುಸ್ತಕದ ಜೊತೆ ಒಂದು ಸಣ್ಣ ತಕರಾರು ಇದೆ. ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ, ಜೋರಾಗಿ ಓಡಿದಾಗ ಸ್ನಾಯುವಿಗೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ಕೂಡಿಕೊಳ್ಳುತ್ತದೆ, ಅದರಿಂದ ಸೆಳೆತ ಬರುತ್ತದೆ ಅಂತ ಓದಿದ್ದೀರಿ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಅಂಕ ಕಳೆದುಕೊಳ್ಳುವುದು ಬೇಡ. ಆದರೆ ಯೋಚನೆ ಮಾಡಿ. ಓಟ ಮುಗಿದ ಮೇಲೆ ಸುಮಾರು ಒಂದು ತಾಸಿನೊಳಗೆ ರಕ್ತದ ಲ್ಯಾಕ್ಟಿಕ್ ಆಮ್ಲ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಹೃದಯ ಅದನ್ನು ಇಂಧನವಾಗಿ ಉರಿಸಿಕೊಳ್ಳುತ್ತದೆ, ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಹಾಗಿದ್ದರೆ ರಾತ್ರಿ ಎರಡು ಗಂಟೆಗೆ, ತಣ್ಣಗೆ ಮಲಗಿದ್ದ ಅಜ್ಜಿಗೆ ಕಾಲು ಹಿಡಿಯುವುದು ಯಾಕೆ? ಇನ್ನೊಂದು ಸಾಕ್ಷಿ ಇದಕ್ಕಿಂತ ಗಟ್ಟಿ. 1951ರಲ್ಲಿ ಬ್ರಿಯಾನ್ ಮೆಕಾರ್ಡಲ್ ಎಂಬ ಇಂಗ್ಲೆಂಡಿನ ವೈದ್ಯರು ಒಬ್ಬ ರೋಗಿಯ ಬಗ್ಗೆ ಬರೆದರು. ಅವನು ಎಷ್ಟು ದುಡಿದರೂ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತಿರಲಿಲ್ಲ, ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ. ಲ್ಯಾಕ್ಟಿಕ್ ಆಮ್ಲವೇ ಕಾರಣವಾಗಿದ್ದರೆ ಅವನಿಗೆ ಸ್ನಾಯು ಹಿಡಿಯಲೇಬಾರದಿತ್ತು. ಅವನಿಗೋ ಸ್ವಲ್ಪ ದುಡಿದರೂ ಸ್ನಾಯು ನೋವಿನಿಂದ ಬಿಗಿದುಕೊಳ್ಳುತ್ತಿತ್ತು. ಆ ಬಿಗಿತ ನಮ್ಮ ಸೆಳೆತಕ್ಕಿಂತ ಸ್ವಲ್ಪ ಬೇರೆ ಬಗೆಯದು ನಿಜ, ಆದರೂ ಲ್ಯಾಕ್ಟಿಕ್ ಆಮ್ಲದ ಮೇಲಿನ ಆರೋಪ ಅಲ್ಲಿಗೆ ಸಡಿಲವಾಗುತ್ತದೆ.

ಹಾಗಾದರೆ ಸಂಕೇತ ನಿಲ್ಲದೆ ಬರುವುದು ಯಾಕೆ? ನಿಮ್ಮ ಸ್ನಾಯುವಿನೊಳಗೆ ಎರಡು ಬಗೆಯ ಕಾವಲುಗಾರರು ಇದ್ದಾರೆ. ಒಂದು ಬಗೆ ನೂಲುವ ಕದಿರಿನ ಆಕಾರದವು, ಸ್ನಾಯುವಿನ ನಡುವೆ ಇರುತ್ತವೆ. ಸ್ನಾಯು ಎಳೆದರೆ ಬೆನ್ನುಹುರಿಗೆ ಸುದ್ದಿ ಕೊಟ್ಟು, ಸ್ನಾಯು ಬಿಗಿಯುವ ಹಾಗೆ ಮಾಡುತ್ತವೆ. ವೈದ್ಯರು ಮೊಣಕಾಲಿಗೆ ಸುತ್ತಿಗೆ ಬಡಿದಾಗ ಕಾಲು ಜಿಗಿಯುವುದು ಇವುಗಳಿಂದ. ಪರಾವರ್ತಿತ ಚಾಪದ ಚಿತ್ರ ಬರೆದಿದ್ದೀರಲ್ಲ, ಅದೇ. ಎರಡನೆಯ ಬಗೆಯವು ಸ್ನಾಯು ಮತ್ತು ಸ್ನಾಯುರಜ್ಜು ಕೂಡುವ ಕಡೆ ಇರುತ್ತವೆ. ಅಲ್ಲಿ ಎಳೆತ ಹೆಚ್ಚಾದರೆ "ಸಾಕು, ಸಡಿಲಿಸು" ಅಂತ ಸುದ್ದಿ ಕಳಿಸುತ್ತವೆ. ಇವನ್ನು ಕಂಡುಹಿಡಿದವರು ಇಟಲಿಯ ಕ್ಯಾಮಿಲೋ ಗಾಲ್ಗಿ. ಜೀವಕೋಶದ ಚಿತ್ರದಲ್ಲಿ ನೀವು ಗುರುತಿಸುವ ಗಾಲ್ಗಿ ಸಂಕೀರ್ಣವೂ ಅವರ ಹೆಸರಿನದೇ. 1906ರಲ್ಲಿ ನೊಬೆಲ್ ಪಡೆದವರು.

ದಕ್ಷಿಣ ಆಫ್ರಿಕಾದ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು 1997ರಲ್ಲಿ ಒಂದು ವಿವರಣೆ ಮುಂದಿಟ್ಟರು. ಸ್ನಾಯು ದಣಿದಾಗ "ಬಿಗಿ" ಅನ್ನುವ ಕಾವಲುಗಾರನ ಗದ್ದಲ ಹೆಚ್ಚಾಗುತ್ತದೆ, "ಸಡಿಲಿಸು" ಅನ್ನುವವನ ದನಿ ಅಡಗುತ್ತದೆ. ಅದರ ಮೇಲೆ ಸ್ನಾಯು ಮೊದಲೇ ಮುದುಡಿಕೊಂಡಿದ್ದರೆ ಕೆಲಸ ಕೆಟ್ಟ ಹಾಗೆಯೇ. ಮಲಗಿದಾಗ ನಿಮ್ಮ ಪಾದ ಹೇಗೆ ಇರುತ್ತದೆ ನೋಡಿಕೊಳ್ಳಿ. ಬೆರಳು ಕೆಳಮುಖ, ಮೀನಖಂಡ ಮುದುಡಿದ ಸ್ಥಿತಿ. ಅದರ ಮೇಲೆ ನಿದ್ದೆಗಣ್ಣಲ್ಲಿ ಕಾಲು ಚಾಚಿದಿರೋ, ಹಿಡಿಯಿತು. ಇದೇ ಪೂರ್ತಿ ಉತ್ತರ ಅಂತ ಎಲ್ಲರೂ ಒಪ್ಪಿಲ್ಲ. ಆದರೆ ಎಳೆದು ಹಿಡಿದರೆ ಯಾಕೆ ಬಿಡುತ್ತದೆ ಅನ್ನುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬೆರಳನ್ನು ಮೊಣಕಾಲಿನ ಕಡೆ ಎಳೆದಾಗ ಸ್ನಾಯುರಜ್ಜು ಜಗ್ಗಿ, ಗಾಲ್ಗಿಯ ಕಾವಲುಗಾರ ಎಚ್ಚರಾಗುತ್ತಾನೆ.

ಇದನ್ನು ಓದುತ್ತಾ ಕೂತಲ್ಲೇ ಒಂದು ಸಣ್ಣ ಪ್ರಯೋಗ ಮಾಡಿ. ಕುರ್ಚಿಯ ಮೇಲೆ ಕೂತು, ಒಂದು ಕೈಯಲ್ಲಿ ಮೀನಖಂಡ, ಇನ್ನೊಂದು ಕೈಯಲ್ಲಿ ಮುಂಗಾಲಿನ ಎಲುಬಿನ ಪಕ್ಕದ ಸ್ನಾಯು ಹಿಡಿಯಿರಿ. ಹಿಮ್ಮಡಿ ನೆಲದಲ್ಲಿಟ್ಟು ಪಾದದ ಮುಂಭಾಗವನ್ನಷ್ಟೇ ಮೇಲೆತ್ತಿ. ಮುಂದಿನದು ಗಟ್ಟಿಯಾಗುತ್ತದೆ, ಹಿಂದಿನದು ಮೆತ್ತಗೇ ಇರುತ್ತದೆ. ಒಂದು ಸ್ನಾಯು ಬಿಗಿದಾಗ ಎದುರಿನದನ್ನು ಬೆನ್ನುಹುರಿ ಸುಮ್ಮನಾಗಿಸುತ್ತದೆ. ಚಾರ್ಲ್ಸ್ ಶೆರಿಂಗ್ಟನ್ ಇದನ್ನು ವಿವರವಾಗಿ ತೋರಿಸಿಕೊಟ್ಟರು, ಅವರಿಗೆ 1932ರಲ್ಲಿ ನೊಬೆಲ್ ಬಂತು. ಅಂದರೆ ಕಾಲು ಹಿಡಿದಾಗ ಎಳೆಯಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಚಿಂತೆ ಇಲ್ಲ. ನೀವೇ ಬೆರಳನ್ನು ಬಲವಾಗಿ ಮೇಲೆತ್ತಿ ಹಿಡಿಯಬಹುದು, ಇಲ್ಲವೇ ಟವೆಲನ್ನು ಪಾದಕ್ಕೆ ಸುತ್ತಿ ಜಗ್ಗಬಹುದು. ಅಂಜುಣಾ, ಬಾಗಾ ಕಡೆ ಸಮುದ್ರಕ್ಕೆ ಇಳಿಯುವ ಹುಡುಗರು ಇದನ್ನು ನೆನಪಿಡಬೇಕು. ನೀರಲ್ಲಿ ಕಾಲು ಹಿಡಿದರೆ ಒದ್ದಾಡದೆ ಅಂಗಾತ ತೇಲಿ, ಒಂದು ಕೈ ಎತ್ತಿ ಜೀವರಕ್ಷಕರನ್ನು ಕರೆಯಿರಿ, ಬೆರಳು ಮೇಲೆತ್ತಿಕೊಳ್ಳಿ.

ಈಗ ಆ ಹುಡುಗಿ ಒತ್ತಿದ ಜಾಗಕ್ಕೆ ಬರೋಣ. ಅವಳ ತಾಯಿ ಶುಕ್ರವಾರದ ಸಂತೆಯಲ್ಲಿ ಬೆಳಗಿನಿಂದ ಸಂಜೆತನಕ ಕುಕ್ಕರಗಾಲಲ್ಲಿ ಕೂತು ತರಕಾರಿ ಮಾರುವವರು. ಯಾರೋ ಹೇಳಿಕೊಟ್ಟ ಆಕ್ಯುಪ್ರೆಶರ್ ಚಾರ್ಟ್ ಮನೆಯ ಗೋಡೆಯ ಮೇಲಿದೆ. ಅವಳು ತೋರಿಸಿದ ಬಿಂದು ಚೀನಾದ ಹಳೆಯ ವೈದ್ಯದಲ್ಲಿ ಹೆಸರಾದದ್ದೇ. ಹಿಮ್ಮಡಿ ಎತ್ತಿ ನಿಂತರೆ ಮೀನಖಂಡದ ಎರಡು ಉಬ್ಬು ಮುಗಿಯುವ ಕಡೆ ಒಂದು ತಗ್ಗು ಕಾಣುತ್ತದಲ್ಲ, ಅದು. ಚೀನೀ ಹೆಸರು ಚೆಂಗ್‌ಶಾನ್, ಬೆಟ್ಟವನ್ನು ಹೊರುವ ಜಾಗ ಅನ್ನುವ ಅರ್ಥದ್ದು. ಇಡೀ ದೇಹದ ಭಾರ ಹೊರುವ ಸ್ನಾಯುವಿಗೆ ಒಳ್ಳೆಯ ಹೆಸರು.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿಯೂ ಸ್ವಾರಸ್ಯದ್ದು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಕಾಂಗ್ರೆಸ್ಸು ಐದು ಮಂದಿ ವೈದ್ಯರನ್ನು ಕಳಿಸಿತು. ಅವರಲ್ಲಿ ಒಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. ಕನ್ನಡ, ಮರಾಠಿ ಎರಡೂ ಕೇಳಿಬರುವ ಊರು ಅದು. ನಿಮ್ಮಲ್ಲಿ ಕೆಲವರ ಬಂಧುಬಳಗ ಅಲ್ಲಿರಬಹುದು. ಕೋಟ್ನಿಸ್ ಅಲ್ಲೇ ದುಡಿದು 1942ರಲ್ಲಿ ತೀರಿಕೊಂಡರು. ಅದೇ ತಂಡದ ಬಿಜಯ್ ಕುಮಾರ್ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ, ಸೂಜಿ ಚುಚ್ಚುವ ಆಕ್ಯುಪಂಕ್ಚರ್ ಕಲಿತು ಬಂದು ಕಲಕತ್ತೆಯಲ್ಲಿ ಶುರು ಮಾಡಿದರು. ಸೂಜಿಯ ಬದಲು ಬೆರಳು ಬಳಸಿದರೆ ಆಕ್ಯುಪ್ರೆಶರ್.

ನಮ್ಮಲ್ಲೂ ಸುಶ್ರುತ ಸಂಹಿತೆ 107 ಮರ್ಮಸ್ಥಾನಗಳನ್ನು ಎಣಿಸುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮರ್ಮಗಳನ್ನು ಪಟ್ಟಿ ಮಾಡಿದ್ದು ಅಲ್ಲಿ ಪೆಟ್ಟು ಬಿದ್ದರೆ ಅಪಾಯ ಅಂತ ಶಸ್ತ್ರವೈದ್ಯರನ್ನು ಎಚ್ಚರಿಸಲು. ಎಲ್ಲವನ್ನೂ ಕಲಸಿ "ನಮ್ಮ ಋಷಿಗಳೂ ಇದನ್ನೇ ಹೇಳಿದ್ದರು" ಅನ್ನುವ ಭಾಷಣಗಳನ್ನು ಕೇಳಿದಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಸುಶ್ರುತರು ಹೇಳಿದ್ದನ್ನಾದರೂ ಸರಿಯಾಗಿ ಓದಬೇಡವೇ?

ಒತ್ತಿದರೆ ಹಾಯ್ ಅನಿಸುವುದು ಸುಳ್ಳಲ್ಲ. ಮೊಣಕೈ ಬಾಗಿಲಿಗೆ ಬಡಿದಾಗ ಏನು ಮಾಡುತ್ತೀರಿ? ತಿಕ್ಕಿಕೊಳ್ಳುತ್ತೀರಿ. ಯಾರೂ ಕಲಿಸಿದ್ದಲ್ಲ. ಮುಟ್ಟಿದ್ದನ್ನು, ಒತ್ತಿದ್ದನ್ನು ತಿಳಿಸುವ ದಪ್ಪ ನರತಂತುಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ಅರ್ಧಕ್ಕೇ ತಡೆಯುತ್ತವೆ ಅಂತ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ವಿವರಿಸಿದರು. ಬೆನ್ನುಹುರಿಯಲ್ಲಿ ನೋವಿಗೆ ಒಂದು ಗೇಟು ಇದೆ ಅನ್ನುವ ಕಲ್ಪನೆ ಅದು. ವಿವರಗಳು ಆಮೇಲೆ ಬದಲಾದರೂ ಮೂಲ ಮಾತು ಉಳಿದಿದೆ. ಜೊತೆಗೆ ಹೆಬ್ಬೆರಳು ಊರಿದಾಗ ಆ ಜಾಗದ ಸ್ನಾಯುವಿನ ಎಳೆಗಳೂ ಸ್ವಲ್ಪ ಜಗ್ಗುತ್ತವೆ. ಇದಕ್ಕೆ "ಚಿ" ಅನ್ನುವ ಶಕ್ತಿ ಹರಿಯುವ ಕಾಲುವೆಗಳು ಬೇಕಾಗಿಲ್ಲ. ಅಂಥ ಕಾಲುವೆಗಳು ದೇಹವನ್ನು ಕೊಯ್ದು ನೋಡಿದ ಯಾರಿಗೂ ಸಿಕ್ಕಿಲ್ಲ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಮಣಿಕಟ್ಟಿನ ಒಳಗಡೆಯ ಒಂದು ಬಿಂದುವನ್ನು ಒತ್ತಿದರೆ ಶಸ್ತ್ರಚಿಕಿತ್ಸೆ ಆದವರ ವಾಕರಿಕೆ ಕಡಿಮೆಯಾಗುತ್ತದೆ ಅಂತ ಹಲವು ಪ್ರಯೋಗಗಳಲ್ಲಿ ಕಂಡಿದೆ. ಅದೇ ಜಾಗ ಅಂತ ಸುಳ್ಳೇ ಬೇರೆ ಕಡೆ ಒತ್ತಿದವರ ಜೊತೆ ಹೋಲಿಸಿ ನೋಡಿದ ಪ್ರಯೋಗಗಳು ಅವು. ಕಾಲು ಸೆಳೆತಕ್ಕೆ ಅಂಥ ಗಟ್ಟಿ ಆಧಾರ ಇಲ್ಲ. ರಾತ್ರಿಯ ಸೆಳೆತಕ್ಕೆ ಎಳೆಯುವ ವ್ಯಾಯಾಮದ ಪರವಾಗಿ ಇದೆ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 55 ದಾಟಿದ 80 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಆರು ವಾರ ಮಲಗುವ ಮುಂಚೆ ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಎಳೆಯುವ ವ್ಯಾಯಾಮ ಮಾಡಿತು. ಆ ಗುಂಪಿಗೆ ರಾತ್ರಿ ಕಾಲು ಹಿಡಿಯುವುದು ಕಡಿಮೆಯಾಯಿತು. ನಿಮ್ಮ ಅಜ್ಜಿಗೆ ಇದನ್ನು ಕಲಿಸಬಹುದು. ಗೋಡೆಗೆ ಅಂಗೈ ಕೊಟ್ಟು ನಿಂತು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದೆ ಬಾಗಬೇಕು. ಹತ್ತು ಎಣಿಸುವಷ್ಟು ಹೊತ್ತು, ಮೂರು ಸಲ. ಒಂದು ಪೈಸೆ ಖರ್ಚಿಲ್ಲ.

ಖರ್ಚಿನ ಮಾತು ಬಂತಲ್ಲ, ಸಂತೆಯಲ್ಲಿ ಮಾರುವ ಮುಳ್ಳುಮುಳ್ಳಿನ ಚಪ್ಪಲಿಗಳನ್ನು ನೋಡಿದ್ದೀರಿ. ಅದರ ಡಬ್ಬಿಯ ಮೇಲೆ ಅಂಗಾಲಿನ ಚಿತ್ರ, ಇಲ್ಲಿ ಕಿಡ್ನಿ, ಇಲ್ಲಿ ಹೃದಯ, ಇಲ್ಲಿ ಕಣ್ಣು. ಸಾವಿರಾರು ವರ್ಷಗಳ ಚೀನೀ ವಿದ್ಯೆ ಅಂತ ಮಾರುವವರು ಹೇಳುತ್ತಾರೆ. ಅಸಲಿಗೆ ಅಂಗಾಲಿನ ಈ ನಕ್ಷೆ ಅಮೆರಿಕದ್ದು. ವಿಲಿಯಂ ಫಿಟ್ಜೆರಾಲ್ಡ್ ಎಂಬ ವೈದ್ಯ 1917ರ ಸುಮಾರಿಗೆ ದೇಹವನ್ನು ಪಟ್ಟೆಗಳಾಗಿ ವಿಂಗಡಿಸಿದ. 1930ರ ದಶಕದಲ್ಲಿ ಯೂನಿಸ್ ಇಂಗಮ್ ಎಂಬಾಕೆ ಅದನ್ನು ಅಂಗಾಲಿನ ಮೇಲೆ ಬಿಡಿಸಿದಳು. ಪಾದ ಒತ್ತಿಸಿಕೊಂಡರೆ ಸುಖ, ಅದಕ್ಕೆ ನನ್ನ ವಿರೋಧವಿಲ್ಲ. ಅಂಗಾಲು ಒತ್ತಿದರೆ ಕಿಡ್ನಿ ಸರಿಹೋಗುತ್ತದೆ ಅಂದರೆ ಮಾತ್ರ ಒಪ್ಪಲಾರೆ. ದಿನಗೂಲಿಯ ದುಡ್ಡಿನಲ್ಲಿ ಅದನ್ನು ಕೊಳ್ಳುವವರು ನಮ್ಮ ನಿಮ್ಮ ಮನೆಯವರೇ.

ಇಷ್ಟಕ್ಕೂ ಜನ ಯಾಕೆ ನಂಬುತ್ತಾರೆ? ಕಾರಣ ಸರಳ. ಸೆಳೆತ ಹೆಚ್ಚಾಗಿ ಕೆಲವು ಸೆಕೆಂಡಿನಿಂದ ಕೆಲವು ನಿಮಿಷದೊಳಗೆ ತಾನಾಗಿಯೇ ಬಿಡುತ್ತದೆ. ಆ ಹೊತ್ತಿನಲ್ಲಿ ಏನು ಮಾಡಿದರೂ, ತುಟಿ ಚಿವುಟಿದರೂ, ಬೀಗದ ಕೈ ಹಿಡಿದರೂ, ಅದೇ ಗುಣ ಮಾಡಿತು ಅನಿಸುತ್ತದೆ. ನಾನು ಎಳೆದದ್ದಕ್ಕೂ ಈ ಮಾತು ಅನ್ವಯಿಸುತ್ತದೆ. ಹೋಲಿಸಿ ನೋಡದೆ ಗೊತ್ತಾಗುವುದಿಲ್ಲ. ಮ್ಹಾಪಸಾ ಅನ್ನುವ ಹೆಸರೇ ಮಾಪು, ಅಂದರೆ ಅಳೆಯುವುದು, ಅನ್ನುವ ಮಾತಿನಿಂದ ಬಂದದ್ದು ಅಂತ ಇಲ್ಲಿಯವರು ಹೇಳುತ್ತಾರೆ. ಸಂತೆಯ ಊರಿಗೆ ತಕ್ಕ ಹೆಸರು. ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: "ನಿನ್ನ ಮಾತು ಖರೇ ಇರಬಹುದವ್ವಾ, ಅಳದ ತೋರಿಸು." ಇಬ್ಬರೂ ಕೂತು ಒಂದು ಉಪಾಯ ಮಾಡಿದೆವು. ಮನೆಯಲ್ಲಿ ಯಾರಿಗೆ ಕಾಲು ಹಿಡಿದರೂ ಮೊದಲು ಬೆರಳು ಎಳೆದು ಹಿಡಿಯಬೇಕು, ಯಾರನ್ನೂ ಪ್ರಯೋಗಕ್ಕಾಗಿ ನೋವಿನಲ್ಲಿ ಬಿಡಬಾರದು. ಆಮೇಲೆ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ಚಾರ್ಟಿನ ಬಿಂದು, ಹೂ ಬಿದ್ದರೆ ಅದರಿಂದ ಮೂರು ಬೆರಳು ಆಚೆ, ಅಷ್ಟೇ ಬಲದಿಂದ ಒತ್ತಬೇಕು. ಒತ್ತಿಸಿಕೊಳ್ಳುವವರಿಗೆ ಯಾವುದು ಅಂತ ಹೇಳಬಾರದು. ಸಡಿಲವಾಗಲು ಎಷ್ಟು ಸೆಕೆಂಡು ಅಂತ ಮೊಬೈಲಿನ ಸ್ಟಾಪ್‌ವಾಚ್ ನೋಡಿ ಬರೆಯಬೇಕು. ಬೇಕಂತಲೇ ಯಾರಿಗೂ ಸೆಳೆತ ಬರಿಸುವ ಹಾಗಿಲ್ಲ.

ಒತ್ತುವುದರಲ್ಲಿಯೂ ಒಂದು ಎಚ್ಚರ. ಮೊಣಕಾಲಿನ ಹೊರಬದಿ ಕೆಳಗೆ ಒಂದು ಸಣ್ಣ ಎಲುಬಿನ ಗಂಟು ಸಿಗುತ್ತದೆ. ಅದರ ಹತ್ತಿರ ಸೆಳೆತಕ್ಕೆ ಅಂತಲೇ ಹೇಳುವ ಇನ್ನೊಂದು ಬಿಂದು ಇದೆ. ಆ ಗಂಟಿನ ಕೆಳಗೆ ಪಾದವನ್ನು ಮೇಲೆತ್ತಿಸುವ ನರ ಚರ್ಮದ ತೀರ ಹತ್ತಿರ ಹಾದುಹೋಗುತ್ತದೆ. ಅಲ್ಲಿ ಮೊಣಕೈ ಊರಿ ಒತ್ತುವುದು, ಕೋಲಿನಿಂದ ಅಮುಕುವುದು ಬೇಡ. ಕುತ್ತಿಗೆಯ ಮುಂಭಾಗ, ಪಕ್ಕದ ನಾಡಿ ಬಡಿಯುವ ಜಾಗವನ್ನಂತೂ ಮುಟ್ಟಲೇಬೇಡಿ. ಮೊಬೈಲ್ ನೋಡಿ ನೋಡಿ ಕುತ್ತಿಗೆ ಸೆಟೆದಿದ್ದರೆ ಹೆಗಲಿನ ಮೇಲಿನ ದಪ್ಪ ಸ್ನಾಯುವನ್ನು ಎದುರುಗೈಯ ಬೆರಳುಗಳಿಂದ ಹಿತವಾಗಿ ಹಿಡಿದು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಸಾಕು.

ಇನ್ನು ಉಪ್ಪು ಮತ್ತು ನೀರು. ಇಲ್ಲಿ ನಮ್ಮ ಮನೆಗಳ ಕಥೆ ಬರುತ್ತದೆ. ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಗೋವಾಕ್ಕೆ ಬಂದವರಲ್ಲಿ ಬಹಳ ಮಂದಿ ದುಡಿಯುವುದು ಬಿಸಿಲಿನಲ್ಲಿ. ಕಟ್ಟಡದ ಸೆಂಟ್ರಿಂಗ್, ರಸ್ತೆ, ಸಂತೆಯ ಹಮಾಲಿ. ಒಣಹವೆಯ ಊರಲ್ಲಿ ಬೆವರು ಆರಿ ಮೈ ತಣ್ಣಗಾಗುತ್ತದೆ. ಇಲ್ಲಿ ಗಾಳಿಯಲ್ಲೇ ತೇವ, ಬೆವರು ಆರದೆ ಸುರಿಯುತ್ತದೆ. ಒಂದು ಲೀಟರ್ ಬೆವರಿನಲ್ಲಿ ಸುಮಾರು 1ರಿಂದ 4 ಗ್ರಾಂ ಉಪ್ಪು ಹೋಗುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಕಾವಿನಲ್ಲಿ ದುಡಿಯುವವರಿಗೆ ಮೈಕೈ ಹಿಡಿದುಕೊಳ್ಳುತ್ತಿತ್ತು. ಬೆವರಿದ ಮೇಲೆ ಬರೀ ನೀರನ್ನು ಗಟಗಟ ಕುಡಿಯುವುದೇ ಕಾರಣ, ನೀರಿಗೆ ಸ್ವಲ್ಪ ಉಪ್ಪು ಬೆರೆಸಿ ಅಂತ ಜೆ.ಎಸ್. ಹಾಲ್ಡೇನ್ ಮತ್ತು ಕೆ.ಎನ್. ಮಾಸ್ ಹೇಳಿದರು. (ಈ ಹಾಲ್ಡೇನರ ಮಗ ಜೆ.ಬಿ.ಎಸ್. ಹಾಲ್ಡೇನ್ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ, ಭುವನೇಶ್ವರದಲ್ಲಿ ತೀರಿಕೊಂಡರು.)

ಎಲ್ಲ ಸೆಳೆತಕ್ಕೂ ಉಪ್ಪಿನ ಕೊರತೆಯೇ ಕಾರಣವಲ್ಲ. 2010ರ ಒಂದು ಪ್ರಯೋಗ ತಮಾಷೆಯಾಗಿದೆ. ಅಮೆರಿಕದಲ್ಲಿ ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು ಕೆಲವು ಯುವಕರ ಕಾಲ್ಬೆರಳಿನ ಸ್ನಾಯುವಿಗೆ ವಿದ್ಯುತ್ತಿನಿಂದ ಸೆಳೆತ ಬರಿಸಿ, ಸೌತೆಕಾಯಿ ಉಪ್ಪಿನಕಾಯಿಯ ಹುಳಿ ನೀರು ಕುಡಿಸಿದರು. ಬರೀ ನೀರು ಕುಡಿದಾಗಿಗಿಂತ ಸುಮಾರು 49 ಸೆಕೆಂಡು ಬೇಗ ಸೆಳೆತ ಬಿಟ್ಟಿತು. ಆದರೆ ಅಷ್ಟರೊಳಗೆ ರಕ್ತದ ಲವಣಗಳಲ್ಲಿ ಏನೂ ವ್ಯತ್ಯಾಸ ಆಗಿರಲಿಲ್ಲ. ಅಂದರೆ ಉಪ್ಪು ಸ್ನಾಯುವಿಗೆ ಮುಟ್ಟುವ ಮೊದಲೇ, ಗಂಟಲಿಗೆ ತಾಗಿದ ಹುಳಿ ನರಗಳ ಮೂಲಕ ಸಂಕೇತವನ್ನು ನಿಲ್ಲಿಸಿರಬೇಕು ಅಂತ ಅವರು ಊಹಿಸಿದರು. ನಮ್ಮ ಖಾರದ ಉಪ್ಪಿನಕಾಯಿ ರಸ ಕುಡಿಯಲು ಹೋಗಬೇಡಿ, ಅದು ಬೇರೆ. ದುಡಿದು ಬಂದ ಅಪ್ಪನಿಗೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಇಲ್ಲಿಯವರು ಕುಡಿಯುವ ಪೇಜ್ ಅಂದರೆ ಗಂಜಿ, ಇವು ಸಾಕು. ಏನೂ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಿಪಿ ಇದ್ದವರು, ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಇದನ್ನು ಮಾಡಬೇಕು. ಇದೆಲ್ಲದರ ಜೊತೆಗೆ ಮಧ್ಯಾಹ್ನ ಒಂದು ತಾಸು ನೆರಳು ಬೇಕು. ಅದು ಕೆಲಸ ಕೊಡುವವರ ಕೈಯಲ್ಲಿದೆ. ಯಾವ ಬಿಂದು ಒತ್ತಿದರೂ ಆ ನೆರಳಿಗೆ ಬದಲಿ ಆಗುವುದಿಲ್ಲ.

ಈಗ ಮೊದಲು ಹೇಳಿದ ನನ್ನ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳು. ನಮ್ಮ ಓಣಿಯಲ್ಲಿ ಗದಗ ಕಡೆಯವರೊಬ್ಬರು ಇದ್ದರು. ನಾನು ಮಾವ ಅಂತ ಕರೆಯುತ್ತಿದ್ದೆ. ಮಳೆ ಶುರುವಾಗುವ ಹೊತ್ತಿಗೆ ಗಟಾರ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಸಂಜೆ ಕಟ್ಟೆಯ ಮೇಲೆ ಕೂತು, "ಮಾಸ್ತರ, ಎರಡೂ ಮೀನಖಂಡ ಹಿಡದ ಹಿಂಡಿದಂಗ ಆಗೈತಿ. ಮೈಯಾಗ ಸ್ವಲ್ಪ ಕಾವೂ ಐತಿ" ಅಂದರು. ದಣಿವು ಅಂದುಕೊಂಡೆ. ಆಗಷ್ಟೇ ಎಲ್ಲೋ ಓದಿದ್ದ ಉತ್ಸಾಹ ಬೇರೆ. ಮೀನಖಂಡದ ಆ ಬಿಂದುವನ್ನು ತೋರಿಸಿ, ಮಗನಿಂದ ದಿನಕ್ಕೆ ಎರಡು ಸಲ ಒತ್ತಿಸಿಕೊಳ್ಳಿ, ಉಪ್ಪುನೀರು ಕುಡಿಯಿರಿ ಅಂದೆ. ಕಾವು ಅಂದದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಗ ಎರಡು ದಿನ ಒತ್ತಿದ. ಮುಟ್ಟಿದರೇ ಚೀರುತ್ತಿದ್ದರಂತೆ. ಮೂರನೆಯ ದಿನ ಹೋಗಿ ನೋಡಿದರೆ ಕಣ್ಣು ಮೊದಲು ಕೆಂಪಾಗಿದ್ದುದು ಈಗ ಹಳದಿಗೆ ತಿರುಗಿತ್ತು, ಮೂತ್ರ ಹೋಗುವುದು ಕಡಿಮೆಯಾಗಿತ್ತು. ರಿಕ್ಷಾದಲ್ಲಿ ಹಾಕಿಕೊಂಡು ಸರಕಾರಿ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಮೀನಖಂಡ ಅಮುಕಿ ನೋಡಿದರು, ಏನು ಕೆಲಸ ಅಂತ ಕೇಳಿದರು. ಇಲಿಜ್ವರ.

ಇಲಿಜ್ವರದ ರೋಗಾಣು ಲೆಪ್ಟೊಸ್ಪೈರಾ. ಇಲಿ, ದನ, ನಾಯಿಗಳ ಮೂತ್ರದಿಂದ ನೀರು, ಕೆಸರಿಗೆ ಸೇರಿ, ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಕೆಂಪು ಕಣ್ಣು, ಮತ್ತು ಮುಟ್ಟಲಾಗದಂಥ ಮೀನಖಂಡದ ನೋವು. ಬೇಗ ಹೋದರೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ತಡವಾದರೆ ಯಕೃತ್ತು, ಮೂತ್ರಪಿಂಡಕ್ಕೆ ಪೆಟ್ಟು. ಮಾವ ಬದುಕಿ ಬಂದರು. ಮೂರು ವಾರ ಆಸ್ಪತ್ರೆಯಲ್ಲಿದ್ದರು, ಎರಡು ತಿಂಗಳ ಕೂಲಿ ಹೋಯಿತು. ನನ್ನ ಮೇಲೆ ಅವರಿಗೆ ಸಿಟ್ಟಿಲ್ಲ. "ಮಾಸ್ತರ ಕರಕೊಂಡ ಹೋಗಿದ್ದಕ್ಕ ಉಳದೆ" ಅಂತಲೇ ಈಗಲೂ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ತಲೆ ಎತ್ತಲಾಗುವುದಿಲ್ಲ.

ಅದಕ್ಕೇ ಕೇಳಿ. ಸೆಳೆತ ಅಂದರೆ ಥಟ್ಟನೆ ಬಂದು, ಸ್ನಾಯು ಗಟ್ಟಿಯಾಗಿ, ನಿಮಿಷಗಳಲ್ಲಿ ಬಿಡುವಂಥದ್ದು. ಜ್ವರದ ಜೊತೆ ಬಂದ ಮೀನಖಂಡದ ನೋವನ್ನು ಒತ್ತಬೇಡಿ, ಆಸ್ಪತ್ರೆಗೆ ಹೋಗಿ, ಕೆಸರಲ್ಲಿ ದುಡಿದಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಒಂದೇ ಕಾಲು ಊದಿ, ಬಿಸಿಯಾಗಿ, ಬಿಡದೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಒತ್ತಿ ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಭಯ ಇದೆ. ತೀರಾ ದುಡಿದ ಮೇಲೆ ಮೂತ್ರ ಚಹಾದ ಬಣ್ಣಕ್ಕೆ ಬಂದರೆ, ಗಾಯ ಆದ ಕೆಲವು ದಿನಗಳಿಗೆ ದವಡೆ ಬಿಗಿದು ಬಾಯಿ ತೆರೆಯಲಾಗದಿದ್ದರೆ, ಎದೆ ಹಿಡಿದು ಎಡಗೈಗೆ ನೋವು ಇಳಿದರೆ, ಇವು ಯಾವುವೂ ಬೆರಳಿನ ಕೆಲಸ ಅಲ್ಲ.

ಆ ಹುಡುಗಿಯ ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿದೆ. ಮನೆಮಂದಿಯ ನಾಲ್ಕು ಸೆಳೆತ ಬರೆದಿದ್ದಾಳೆ. ಎರಡು ಸಲ ತಲೆ, ಎರಡು ಸಲ ಹೂ. ಒಂದು ಕಡೆ ಸ್ಟಾಪ್‌ವಾಚ್ ಒತ್ತುವುದು ಮರೆತಿದೆ ಅಂತ ಪ್ರಾಮಾಣಿಕವಾಗಿ ಬರೆದಿದ್ದಾಳೆ. ಕೆಳಗೆ ಪೆನ್ಸಿಲ್‌ನಲ್ಲಿ, "ಇದರಿಂದ ಏನೂ ಹೇಳಲಿಕ್ಕೆ ಬರುವುದಿಲ್ಲ. ಇನ್ನೂ ಬೇಕು" ಅಂತ ಇದೆ. ನಿಮ್ಮ ಶಾಲೆಯಲ್ಲೂ ಯಾರಾದರೂ ಹೀಗೆ ಬರೆದಿಟ್ಟರೆ ಕಳಿಸಿಕೊಡಿ, ಒಟ್ಟಿಗೆ ಕೂಡಿಸಿ ನೋಡೋಣ.